ಹಿಡಿ ಅಕ್ಕಿಯ ಲೆಕ್ಕ

ಒಲೆಯ ಮೇಲೆ ಎಸರು ಕುದಿಯುತ್ತಿರುತ್ತದೆ. ಮೊರದಲ್ಲಿ ಕೇರಿ ಆರಿಸಿದ ಅಕ್ಕಿ ಇರುತ್ತದೆ. ಅದನ್ನು ತೊಳೆದು ಎಸರಿಗೆ ಹಾಕುವ ಮೊದಲು ಮನೆಯ ಹೆಂಗಸು ಒಂದು ಹಿಡಿ ತೆಗೆದು ಮೂಲೆಯಲ್ಲಿರುವ ಬೇರೊಂದು ಮಡಕೆಗೆ ಹಾಕುತ್ತಾಳೆ. ಅಕ್ಕಿ ಇಲ್ಲದ ಮನೆಯಲ್ಲಿ ಜೋಳ. ರಾತ್ರಿಯ ಅಡುಗೆಗೂ ಹೀಗೆಯೇ. ಭಾನುವಾರ ಆ ಮಡಕೆ ದೇವಾಲಯಕ್ಕೆ ಹೋಗಿ ಖಾಲಿಯಾಗಿ ಮನೆಗೆ ಮರಳುತ್ತದೆ.

ದಕ್ಷಿಣ ಭಾರತದ ಹಳ್ಳಿಗಾಡಿನ ಕ್ರೈಸ್ತ ಸಭೆಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದು ಬಂದಿರುವ ರೂಢಿ ಇದು. ಇದನ್ನು ಪಾಲಿಸಿದ ಜನರಿಗೆ ಇನ್ನೊಂದು ಹೆಸರೂ ಇತ್ತು. ಅವರು ಇಟ್ಟುಕೊಂಡ ಹೆಸರಲ್ಲ, ಬೇರೆಯವರು ಅಂಟಿಸಿದ್ದು: 'ಅಕ್ಕಿ ಕ್ರೈಸ್ತರು'. ಬರಗಾಲದಲ್ಲಿ ಮಿಷನರಿ ಹಾಕಿದ ಗಂಜಿಗೆ ಆಸೆಪಟ್ಟು ಮತ ಬದಲಿಸಿದವರು ಎಂದು ಅದರ ಅರ್ಥ. ಈ ಮಾತನ್ನು ಹುಟ್ಟಿಸಿದವರು ಯುರೋಪಿನವರೇ, ಮತಾಂತರದ ಪ್ರಾಮಾಣಿಕತೆಯನ್ನು ಶಂಕಿಸಿದವರು. ಆಮೇಲೆ ಎಲ್ಲರೂ ಅದನ್ನು ಬಳಸಿದರು.

ಅಕ್ಕಿ ಪಡೆದವರೆಂದು ಹಳಿಸಿಕೊಂಡವರ ಮನೆಯಲ್ಲೇ ಅಕ್ಕಿ ಕೊಡುವ ಮಡಕೆಯೂ ಇತ್ತು. ಈ ಎರಡರ ನಡುವಿನ ದೂರ ಅರ್ಥವಾಗಬೇಕಾದರೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಹೋಗಬೇಕು. ಅದು ಸುಮಾರು 82 ಸಾವಿರ ಚದರ ಮೈಲಿಯ ನಾಡು. ತೆಲುಗು, ಮರಾಠಿ, ಕನ್ನಡ, ಉರ್ದು ನಾಲ್ಕೂ ಅಲ್ಲಿ ಮನೆಮಾತು. ಇಂದಿನ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಎಲ್ಲವೂ ಅದರೊಳಗಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ಅಲ್ಲಿಗೆ ಹಲವು ದಿಕ್ಕುಗಳಿಂದ ಮಿಷನ್‌ಗಳು ಬಂದಿದ್ದವು. ಬೀದರ್ ಕಡೆಗೆ ಅಮೆರಿಕದ ಮೆಥಡಿಸ್ಟರು, ಮೆದಕ್ ಮತ್ತು ನಿಜಾಮಾಬಾದ್ ಕಡೆಗೆ ಇಂಗ್ಲೆಂಡಿನ ವೆಸ್ಲಿಯನ್ನರು, ಪೂರ್ವದ ದೋರ್ನಕಲ್‌ಗೆ ತಿರುನೆಲ್ವೇಲಿಯ ತಮಿಳರು.

ಮೊದಲು ಹೊರಗಿನ ಹಣದ ಮಾತು. ಮಿಷನ್ ಎಂದರೆ ಸಮುದ್ರದಾಚೆಯ ಸಿರಿವಂತರ ಹಣ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಮಾತ್ರ ನಿಜ. ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಬಾಸೆಲ್ ಮಿಷನ್‌ ಅನ್ನೇ ನೋಡಬಹುದು. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆ ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಹಣದ ಮುಗ್ಗಟ್ಟಿನಲ್ಲಿತ್ತು. ಆಗ ಬಾಸೆಲ್ ನಗರದ ರೇಷ್ಮೆ ರಿಬ್ಬನ್ ಉದ್ಯಮಿ ಕಾರ್ಲ್ ಸರಾಸಿನ್ ಒಂದು ಉಪಾಯ ಹೂಡಿದ. ಮಿಷನ್ನಿನ ಬೆಂಬಲಿಗರು ವಾರಕ್ಕೊಮ್ಮೆ ಅರ್ಧ ಬಾಟ್ಸೆನ್, ಅಂದರೆ ಅಲ್ಲಿನ ಐದು ಪೈಸೆಯಷ್ಟು ಚಿಲ್ಲರೆ ನಾಣ್ಯ, ಕೊಡಬೇಕು. ಸಂಗ್ರಹಿಸುವವರು ಮನೆಮನೆಗೆ ಹೋಗಬೇಕು. 1855ರಲ್ಲಿ ಶುರುವಾದ ಈ 'ಅರ್ಧ ಬಾಟ್ಸೆನ್ ಸಂಗ್ರಹ'ಕ್ಕೆ ಕೊಟ್ಟವರಲ್ಲಿ ಮನೆಗೆಲಸದವರೂ ರೈತರೂ ಕಾರ್ಖಾನೆಯ ಕೂಲಿಗಳೂ ಇದ್ದರು. ಮಂಗಳೂರಿನ ಮುದ್ರಣಾಲಯ, ಶಾಲೆಗಳು, 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟು ಇವನ್ನೆಲ್ಲ ಸಾಧ್ಯವಾಗಿಸಿದ ಸಂಸ್ಥೆ ನಿಂತಿದ್ದು ಇಂಥ ಚಿಲ್ಲರೆ ಹಣದ ಮೇಲೂ ಹೌದು.

ಕುಷ್ಠರೋಗಿಗಳ ಸೇವೆಯ ಕಥೆಯೂ ಹೀಗೆಯೇ. 1869ರಲ್ಲಿ ಪಂಜಾಬಿನ ಅಂಬಾಲದಲ್ಲಿ ಕುಷ್ಠರೋಗಿಗಳ ಗುಡಿಸಲು ಸಾಲನ್ನು ಕಂಡ ಐರಿಷ್ ಯುವಕ ವೆಲ್ಲೆಸ್ಲಿ ಬೈಲಿ, 1874ರಲ್ಲಿ ಡಬ್ಲಿನ್‌ಗೆ ಮರಳಿ ತಾನು ಕಂಡದ್ದನ್ನು ಹೇಳಿದ. ಷಾರ್ಲೆಟ್ ಪಿಮ್ ಮತ್ತು ಆಕೆಯ ಸಹೋದರಿಯರು ವರ್ಷಕ್ಕೆ 30 ಪೌಂಡು ಕೂಡಿಸಿ ಕೊಡುವುದಾಗಿ ಮಾತು ಕೊಟ್ಟರು. ಅದೇ ಮುಂದೆ ಕುಷ್ಠರೋಗಿಗಳ ಮಿಷನ್ ಆಗಿ ದೇಶದುದ್ದಕ್ಕೂ ಆಸ್ಪತ್ರೆಗಳನ್ನು ನಡೆಸಿತು.

ಹಾಗಾಗಿ ದೂರದ ದಾನಿಗಳೆಲ್ಲ ಧನಿಕರಾಗಿರಲಿಲ್ಲ. ಆದರೆ ಹಣ ಸಮುದ್ರ ದಾಟಿ ಬರುವಾಗ ಅದರ ಗುಣ ಬದಲಾಗುತ್ತಿತ್ತು. ಅಲ್ಲಿ ಒಬ್ಬ ಕೂಲಿಯ ಮನೆಯಿಂದ ಹೊರಟ ನಾಣ್ಯ ಇಲ್ಲಿ ಬಂಗಲೆಯ ದೊರೆಯ ಕೈಯಿಂದ ಬೀಳುತ್ತಿತ್ತು. ಕೊಟ್ಟವರ ಬಡತನ ಪಡೆದವರಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ದೊರೆಯ ಕೈ ಮಾತ್ರ.

ಈ ಕೈ ಹೇಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಸಂಸ್ಥಾನದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬಿಡಿಸಲು ನೋಡಿದರು. ವೆಸ್ಲಿಯನ್ ಮಿಷನ್ನಿನ ಚಾರ್ಲ್ಸ್ ವಾಕರ್ ಪಾಸ್ನೆಟ್ 1895ರಲ್ಲಿ ಸಿಕಂದರಾಬಾದಿಗೆ ಬಂದವರು. ದಂಡಿನ ಸೈನಿಕರ ನಡುವಿನ ಕೆಲಸ ಹಿಡಿಸದೆ ಮೆದಕ್‌ಗೆ ಹೋದರು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಆ ಸೀಮೆಯಲ್ಲಿ ಬರ ಬಿದ್ದಿತ್ತು. ಹಸಿದವರಿಗೆ ಸುಮ್ಮನೆ ಅನ್ನ ಹಾಕುವ ಬದಲು ಪಾಸ್ನೆಟ್ ಕೆಲಸ ಕೊಟ್ಟರು. ಕಲ್ಲು ಹೊರುವ, ಕೆತ್ತುವ, ಕಟ್ಟುವ ಕೆಲಸ. ಕೂಲಿಯಾಗಿ ಊಟ. ಹತ್ತು ವರ್ಷ ಕಟ್ಟಿದ್ದರಿಂದ ಮೇಲೆದ್ದದ್ದು ಮೆದಕ್‌ನ ಮಹಾದೇವಾಲಯ. 1924ರ ಡಿಸೆಂಬರ್ 25ರಂದು ಅದರ ಪ್ರತಿಷ್ಠೆಯಾಯಿತು. 200 ಅಡಿ ಉದ್ದ, 100 ಅಡಿ ಅಗಲ, 175 ಅಡಿಯ ಗಂಟೆಗೋಪುರ. ಒಳಗೆ ಇಂಗ್ಲೆಂಡಿನ ಕಲಾವಿದ ಫ್ರಾಂಕ್ ಸ್ಯಾಲಿಸ್‌ಬರಿ ರೂಪಿಸಿದ ಬಣ್ಣದ ಗಾಜಿನ ಕಿಟಕಿಗಳು. ಇವತ್ತು ಹೈದರಾಬಾದಿನಿಂದ ನೂರು ಕಿಲೋಮೀಟರು ಬಸ್ಸಿನಲ್ಲಿ ಬಂದು ನೋಡುವವರಲ್ಲಿ ಎಲ್ಲ ಮತದವರೂ ಇದ್ದಾರೆ.

ಅನ್ನ ದುಡಿಮೆಯ ಪ್ರತಿಫಲವಾಗಿ ಬಂದರೆ ತಿನ್ನುವವನ ತಲೆ ತಗ್ಗುವುದಿಲ್ಲ ಎಂಬುದು ಈ ಕ್ರಮದ ಹಿಂದಿನ ತಿಳಿವಳಿಕೆ. ಅದರಲ್ಲಿ ಹುರುಳಿದೆ. ಆದರೆ ಏನು ಕಟ್ಟಬೇಕು, ಎಷ್ಟು ಎತ್ತರ, ಯಾವ ಶೈಲಿ ಎಂಬುದನ್ನು ಕಲ್ಲು ಹೊತ್ತವರು ನಿರ್ಧರಿಸಲಿಲ್ಲ. ಗೋಪುರ ಗಾಥಿಕ್ ಶೈಲಿಯದು, ಗಾಜು ಇಂಗ್ಲೆಂಡಿನದು.

ಮೆದಕ್‌ನಿಂದ ಉತ್ತರಕ್ಕೆ, ನಿಜಾಮಾಬಾದ್ ಬಳಿಯ ಡಿಚ್‌ಪಲ್ಲಿಯಲ್ಲಿ ಅದೇ ಮಿಷನ್ನಿನ ಇನ್ನೊಂದು ಕೆಲಸ ಬೇರೆ ದಾರಿ ಹಿಡಿಯಿತು. ಅಬರ್ಡೀನ್‌ನಲ್ಲಿ ವೈದ್ಯಕೀಯ ಓದಿದ ಇಸಾಬೆಲ್ ಕೆರ್, ಪಾದ್ರಿಯಾಗಿದ್ದ ಗಂಡ ಜಾರ್ಜ್ ಕೆರ್ ಜೊತೆ 1907ರಲ್ಲಿ ಸಂಸ್ಥಾನಕ್ಕೆ ಬಂದರು. ಕುಷ್ಠರೋಗಿಗಳಿಗೆ ಅಲ್ಲಿ ಯಾವ ಆಸರೆಯೂ ಇಲ್ಲದ್ದನ್ನು ಕಂಡು 1911ರಲ್ಲಿ ಸಣ್ಣದೊಂದು ಆಶ್ರಯಧಾಮ ತೆರೆದರು. ಜಾಗ ಸಾಲದೆ ಹೋಯಿತು. ಆಗ ದೊಡ್ಡ ಮೊತ್ತ ಕೊಟ್ಟು ಹೊಸ ಆಸ್ಪತ್ರೆಯನ್ನು ಸಾಧ್ಯವಾಗಿಸಿದವರು ರಾಜಾ ನರಸಾಗೌಡ್ ಎಂಬ ಹಿಂದೂ ದಾನಿ. 1915ರಲ್ಲಿ ಡಿಚ್‌ಪಲ್ಲಿಯ ಆಸ್ಪತ್ರೆ ಶುರುವಾಯಿತು. ನಿಜಾಮರ ಸರ್ಕಾರವೂ ಅನುದಾನ ಕೊಟ್ಟಿತು. ಕ್ರೈಸ್ತ ವೈದ್ಯೆ, ಹಿಂದೂ ದಾನಿ, ಮುಸ್ಲಿಂ ಅರಸನ ಬೊಕ್ಕಸ ಸೇರಿ ನಡೆದ ಆಸ್ಪತ್ರೆ ಅದು.

ಅಲ್ಲಿ ಕೆರ್ ದಂಪತಿ, ಕಲ್ಕತ್ತೆಯ ವೈದ್ಯ ಅರ್ನೆಸ್ಟ್ ಮ್ಯೂರ್ ಅವರ ಕ್ರಮವನ್ನು ಅನುಸರಿಸಿ, ಚಾಲಮೂಗ್ರ ಜಾತಿಯ ಮರದ ಬೀಜದೆಣ್ಣೆಯ ಚುಚ್ಚುಮದ್ದು ಕೊಡತೊಡಗಿದರು. ಸಾಯುವ ತನಕ ಇರಲು ಬಂದವರಲ್ಲಿ ಕೆಲವರು ಗುಣ ಕಂಡು ಮನೆಗೆ ಹೋಗುವಂತಾದರು. 1923ರಲ್ಲಿ ಇಸಾಬೆಲ್ ಅವರಿಗೆ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1932ರಲ್ಲಿ ಅವರು ತೀರಿಕೊಂಡರು. ಮಿಷನ್ ಆಸ್ಪತ್ರೆಯ ಇತಿಹಾಸ ಹೇಳುವಾಗ ಮಿಷನರಿಯ ಹೆಸರು ಉಳಿಯುತ್ತದೆ, ಊರಿನ ದಾನಿಯ ಹೆಸರು ಒಂದು ವಾಕ್ಯಕ್ಕೆ ಇಳಿಯುತ್ತದೆ. ಆದರೆ ನರಸಾಗೌಡರ ಹಣವಿಲ್ಲದೆ ಆ ಕಟ್ಟಡ ಏಳುತ್ತಿರಲಿಲ್ಲ. ಕ್ರೈಸ್ತ ಸೇವೆ ಎನ್ನುವುದು ಕ್ರೈಸ್ತರ ಹಣದಿಂದ ಮಾತ್ರ ನಡೆದದ್ದಲ್ಲ ಎಂಬುದಕ್ಕೆ ಡಿಚ್‌ಪಲ್ಲಿಗಿಂತ ಬೇರೆ ಸಾಕ್ಷಿ ಬೇಡ.

ಪಾಸ್ನೆಟ್ ಕೂಲಿ ಕೊಟ್ಟರು, ಕೆರ್ ದಂಪತಿ ಊರ ದಾನಿಯನ್ನು ಜೊತೆಗೆ ಸೇರಿಸಿಕೊಂಡರು. ಪಡೆಯುತ್ತಿರುವ ಬಡವನೇ ಕೊಡಬಹುದೇ ಎಂಬ ಮೂರನೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ದೋರ್ನಕಲ್‌ನ ವೇದನಾಯಕಂ ಸ್ಯಾಮ್ಯುಯೆಲ್ ಅಜರಯ್ಯ.

ಅಜರಯ್ಯ 1874ರಲ್ಲಿ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಹಳ್ಳಿಯ ಪಾದ್ರಿ. ಸಮುದಾಯ ನಾಡಾರರದು. ತಾಳೆಮರ ಹತ್ತಿ ಬದುಕುತ್ತಿದ್ದ, ದೇವಸ್ಥಾನದೊಳಗೆ ಕಾಲಿಡಲು ಬಿಡದಿದ್ದ ಜನ. ಮದ್ರಾಸಿನಲ್ಲಿ ಓದಿ ವೈಎಂಸಿಎ ಕಾರ್ಯದರ್ಶಿಯಾಗಿದ್ದಾಗ 1902ರಲ್ಲಿ ಜಾಫ್ನಾಕ್ಕೆ ಹೋದರು. ಅಲ್ಲಿನ ತಮಿಳು ಕ್ರೈಸ್ತರು ತಮ್ಮದೇ ಹಣದಿಂದ ಬೇರೆಡೆಗೆ ಸೇವಕರನ್ನು ಕಳಿಸುತ್ತಿದ್ದುದನ್ನು ಕಂಡರು. ಊರಿಗೆ ಮರಳಿ 1903ರಲ್ಲಿ ತಿರುನೆಲ್ವೇಲಿಯ ಭಾರತೀಯ ಮಿಷನರಿ ಸಂಘವನ್ನು ಕಟ್ಟಲು ನೆರವಾದರು. 1905ರ ಕ್ರಿಸ್ಮಸ್ ದಿನ ಸೆರಾಂಪುರದಲ್ಲಿ ರಾಷ್ಟ್ರೀಯ ಮಿಷನರಿ ಸಂಘ ಹುಟ್ಟಿದಾಗಲೂ ಅದರ ಮುಂಚೂಣಿಯಲ್ಲಿದ್ದರು. ಭಾರತೀಯರೇ ಕೆಲಸಗಾರರು, ಭಾರತೀಯರದೇ ಹಣ, ಭಾರತೀಯರದೇ ಆಡಳಿತ ಎಂಬುದು ಆ ಸಂಘದ ಪಟ್ಟು. ಬಂಗಾಳದಲ್ಲಿ ಸ್ವದೇಶಿ ಚಳವಳಿ ಕಾವೇರಿದ್ದ ವರ್ಷವೂ ಅದೇ.

ತಿರುನೆಲ್ವೇಲಿಯ ಸಂಘ ಆರಿಸಿಕೊಂಡ ಕ್ಷೇತ್ರ ನಿಜಾಮರ ಸೀಮೆಯ ದೋರ್ನಕಲ್. ಇಂದಿನ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಯ ಒಂದು ರೈಲು ಜಂಕ್ಷನ್. ತಾಳೆಮರ ಹತ್ತುವವರ ಚಿಲ್ಲರೆ ಕಾಸಿನ ಮೇಲೆ, ಭಾಷೆ ಗೊತ್ತಿಲ್ಲದ ನಾಡಿಗೆ ತಮಿಳು ಸೇವಕರು ಹೋದರು. 1909ರಲ್ಲಿ ಅಜರಯ್ಯನವರೂ ಒಳ್ಳೆಯ ಹುದ್ದೆ ಬಿಟ್ಟು ಅಲ್ಲಿಗೆ ಹೋಗಿ ತೆಲುಗು ಕಲಿತರು.

ಮರುವರ್ಷ, 1910ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನ್‌ಗಳ ದೊಡ್ಡ ಸಮ್ಮೇಳನ ನಡೆಯಿತು. ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತಕ್ಕಿಂತ ಕಡಿಮೆ. 35 ವರ್ಷದ ಅಜರಯ್ಯ ಅಲ್ಲಿ ನಿಂತು, ಬಿಳಿಯ ಮಿಷನರಿಗೂ ಭಾರತೀಯ ಸಹೋದ್ಯೋಗಿಗೂ ನಡುವೆ ಸಮಾನತೆ ಇಲ್ಲ, ಒಟ್ಟಿಗೆ ಕೂತು ಊಟ ಮಾಡುವುದೂ ಅಪರೂಪ ಎಂದು ನೇರವಾಗಿ ಹೇಳಿದರು. ಮಾತು ಮುಗಿಸುವಾಗ, ನೀವು ನಮಗಾಗಿ ನಿಮ್ಮ ಸೊತ್ತು ಕೊಟ್ಟಿದ್ದೀರಿ, ದೇಹವನ್ನೂ ತೇದಿದ್ದೀರಿ, ನಮಗೆ ಬೇಕಿರುವುದು ಸ್ನೇಹ ಎಂಬರ್ಥದ ಮಾತಾಡಿದರು. ಸಭೆಯಲ್ಲಿ ಹಲವರಿಗೆ ಅದು ಕೃತಘ್ನತೆಯಂತೆ ಕೇಳಿಸಿತು. ಅಜರಯ್ಯನವರು ಹೇಳಿದ್ದು ಸರಳವಾದ ಸಂಗತಿ. ಒಬ್ಬರು ಯಾವಾಗಲೂ ಕೊಡುತ್ತ, ಇನ್ನೊಬ್ಬರು ಯಾವಾಗಲೂ ಪಡೆಯುತ್ತ ಇದ್ದರೆ ಅವರು ಗೆಳೆಯರಾಗಲಾರರು.

1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರಿಗೆ ಬಿಷಪ್ ಪಟ್ಟವಾಯಿತು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಅವರು. ಅವರ ಪಾಲಿಗೆ ಬಂದ ಜನ ಬಹುಪಾಲು ಮಾಲ ಮತ್ತು ಮಾದಿಗ ಸಮುದಾಯದವರು. ತೆಲಂಗಾಣದ ಜಹಗೀರಿ ಹಳ್ಳಿಗಳಲ್ಲಿ ಅವರ ಬದುಕಿಗೆ ಒಂದು ಹೆಸರಿತ್ತು: ವೆಟ್ಟಿ.

ಈ ಪದ ಕನ್ನಡಕ್ಕೆ ಹೊಸದಲ್ಲ. ಸಂಸ್ಕೃತದ 'ವಿಷ್ಟಿ' ತೆಲುಗಿನಲ್ಲಿ ವೆಟ್ಟಿಯಾಯಿತು, ಕನ್ನಡದಲ್ಲಿ ಬಿಟ್ಟಿಯಾಯಿತು. ಮೂಲ ಅರ್ಥ ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳುವ ಚಾಕರಿ. ಇವತ್ತಿನ ಕನ್ನಡದಲ್ಲಿ 'ಬಿಟ್ಟಿ ಸಿಕ್ಕಿತು' ಎಂದರೆ ದುಡ್ಡು ಕೊಡದೆ ಸಿಕ್ಕಿತು ಎಂದು. ಪದದ ಅರ್ಥ ಕೆಲಸ ಕಸಿದುಕೊಂಡವನ ಕಡೆಯಿಂದಲೇ ಉಳಿದಿದೆ. ಅವನಿಗೆ ಅದು ಪುಕ್ಕಟೆ ಸಿಕ್ಕಿತು ತಾನೆ.

ವೆಟ್ಟಿಯಲ್ಲಿರುವವನ ಬಳಿ ಕಸಿದುಕೊಳ್ಳಲು ಏನಾದರೂ ಇದ್ದೀತು, ಕೊಡಲು ಏನೂ ಇರುವುದಿಲ್ಲ. ಚರ್ಮ, ಕಾಲಾಳಿನ ದುಡಿಮೆ, ಸೌದೆ, ಕೋಳಿ ಎಲ್ಲವೂ ಕೇಳಿದಾಗ ಹೋಗಬೇಕು. ಕೊಡುವುದು ಎಂದರೆ ಬೇಡ ಎನ್ನುವ ಹಕ್ಕೂ ಇರುವವನು ಮಾಡುವ ಕೆಲಸ. ಇಂಥ ಜನರಿಂದ ಕಾಣಿಕೆ ಕೇಳಬೇಕೆಂದು ಅಜರಯ್ಯ ಹಟ ಹಿಡಿದರು. ಬಡವರನ್ನು ಸುಲಿಯುವುದು ಇದು ಎಂದು ಯಾರಿಗಾದರೂ ಅನ್ನಿಸಬಹುದು. ಅವರ ವಾದ ಇದಕ್ಕೆ ತಿರುಗಾಮುರುಗ. ಕೊಡಲು ಕೇಳದೆ ಇರುವುದೇ ಬಡವನಿಗೆ ಮಾಡುವ ಅವಮಾನ. ಅವನನ್ನು ಭಿಕ್ಷುಕನೆಂದು ಶಾಶ್ವತವಾಗಿ ಬರೆದಿಟ್ಟಂತೆ. ಈ ವಿಷಯವನ್ನೇ ಹಿಡಿದು ಅವರು 'ಕ್ರಿಶ್ಚಿಯನ್ ಗಿವಿಂಗ್' ಎಂಬ ಸಣ್ಣ ಪುಸ್ತಕವನ್ನೂ ಬರೆದರು. ಅದು ಅವರ ಕಾಲದ ನಂತರವೂ ಬೇರೆ ದೇಶಗಳಲ್ಲಿ ಓದಿಸಿಕೊಂಡಿತು.

ಇಲ್ಲಿ ಲೆಕ್ಕ ಬರುತ್ತದೆ. ಹಿಡಿ ಅಕ್ಕಿ ಸುಮಾರು 50 ಗ್ರಾಂ ಎಂದು ಇಟ್ಟುಕೊಳ್ಳೋಣ. ದಿನಕ್ಕೆ ಎರಡು ಹಿಡಿ, ತಿಂಗಳಿಗೆ ಮೂರು ಕಿಲೋ. ಒಂದು ಮನೆಗೆ ಇದು ಸಣ್ಣ ಸಂಗತಿ, ಆದರೂ ಹಸಿದ ಮನೆಗೆ ಗೊತ್ತಾಗುವಂಥದ್ದೇ. ನೂರು ಮನೆ ಸೇರಿದರೆ ಮೂರು ಕ್ವಿಂಟಲ್. ಹಳ್ಳಿಯ ಶಾಲೆಯ ಉಪಾಧ್ಯಾಯನ ಸಂಸಾರ ಉಂಡು, ಉಳಿದದ್ದು ಮಾರಿದರೆ ದೀಪದ ಎಣ್ಣೆಗೂ ಸೂರಿನ ಹುಲ್ಲಿಗೂ ಆಗುತ್ತದೆ. ಸುಗ್ಗಿಯಲ್ಲಿ ಧಾನ್ಯದ ಮೂಟೆ, ಕೋಳಿ, ಕುಂಬಳಕಾಯಿ ದೇವಾಲಯಕ್ಕೆ ಬರುತ್ತಿದ್ದವು. ಹಣ ಕೊಡಲಾಗದವರು ದುಡಿಮೆ ಕೊಡುತ್ತಿದ್ದರು. ದೋರ್ನಕಲ್‌ನಲ್ಲಿ ವರ್ಷಕ್ಕೊಂದು ವಾರ ಸಾಮಾನ್ಯ ಸದಸ್ಯರೇ, ಸಂಬಳವಿಲ್ಲದೆ, ಸುತ್ತಲ ಹಳ್ಳಿಗಳಿಗೆ ಹೋಗುವ ಪದ್ಧತಿಯೂ ಬೆಳೆಯಿತು.

ಈ ಮಡಕೆಯ ಯಜಮಾನಿಕೆ ಹೆಂಗಸರದು ಎಂಬುದೂ ಮುಖ್ಯ. ಮನೆಯ ಹಣ ಗಂಡಸಿನ ಕೈಯಲ್ಲಿತ್ತು, ಅಕ್ಕಿ ಅಳೆಯುವುದು ಹೆಂಗಸಿನ ಕೈಯಲ್ಲಿತ್ತು. ಸಭೆಯ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿದವರು ಗಂಡಸರಾದರೂ ಜಮೆಯ ಅಂಕಣದ ಹಿಂದೆ ಇದ್ದದ್ದು ಆಕೆಯ ಮುಷ್ಟಿ. ದೂರದ ಮಿಜೋರಾಂನಲ್ಲಿ 1910ರ ಸುಮಾರಿಗೆ ಶುರುವಾದ 'ಬುಹ್‌ಫಾಯ್ ಥಾಮ್' ಎಂಬ ಇದೇ ಬಗೆಯ ಹಿಡಿ ಅಕ್ಕಿಯ ರೂಢಿ ಇವತ್ತಿಗೂ ಅಲ್ಲಿನ ಸಭೆಗಳ ದೊಡ್ಡ ಆದಾಯ. ವಿನೋಬಾ ಭಾವೆ ತಮ್ಮ ಸರ್ವೋದಯ ಪಾತ್ರೆಗೆ ಕೇಳಿದ್ದೂ ದಿನಕ್ಕೊಂದು ಹಿಡಿ ಧಾನ್ಯವನ್ನೇ.

ಕನ್ನಡ ನಾಡಿಗೆ ಇದರ ನೆನಪು ಇನ್ನೂ ಹಳೆಯದು. ದೋರ್ನಕಲ್ ಇದ್ದ ಅದೇ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ಬೀದರ್ ಜಿಲ್ಲೆಯಲ್ಲಿ, ಬಸವಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಮಾರಯ್ಯ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಹೆಂಡತಿ ಲಕ್ಕಮ್ಮ ಅದರಿಂದ ದಾಸೋಹ ನಡೆಸುತ್ತಿದ್ದಳು ಎಂಬುದು ನಮಗೆಲ್ಲ ಗೊತ್ತಿರುವ ಕಥೆ. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಅದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಕೊಡುವುದಕ್ಕೆ ಬಡತನ ಅಡ್ಡಿಯಲ್ಲ, ಬೇರೆಯವರ ಹೆಚ್ಚುವರಿಯಿಂದ ಕೊಟ್ಟರೆ ಅದು ತನ್ನ ದಾಸೋಹವಲ್ಲ ಎಂಬುದು ಆಕೆಯ ನಿಲುವು. ಅಜರಯ್ಯನವರಿಗೆ ಲಕ್ಕಮ್ಮನ ಪರಿಚಯ ಇದ್ದಿರಬೇಕಾಗಿಲ್ಲ. ಬಡವರು ತಮ್ಮ ಗೌರವವನ್ನು ಎಲ್ಲಿ ಹುಡುಕುತ್ತಾರೆ ಎಂಬುದು ಎರಡೂ ಕಡೆ ಒಂದೇ.

ಇಷ್ಟರಿಂದ ತಕರಾರು ಮುಗಿಯಲಿಲ್ಲ. 1930ರ ದಶಕದಲ್ಲಿ ಗಾಂಧಿ 'ಹರಿಜನ' ಪತ್ರಿಕೆಯಲ್ಲಿ ಮಿಷನ್‌ಗಳ ಸೇವೆಯನ್ನು ಕುರಿತು ಪದೇ ಪದೇ ಬರೆದರು. ಆಸ್ಪತ್ರೆ, ಶಾಲೆ ನಡೆಸಿ, ಸಂತೋಷ. ಆದರೆ ಅದನ್ನು ಮತಾಂತರದ ಸಾಧನ ಮಾಡಿಕೊಳ್ಳಬೇಡಿ ಎಂಬುದು ಅವರ ನಿಲುವಿನ ಸಾರ. ದೋರ್ನಕಲ್ ಸೀಮೆಯಲ್ಲಿ ಆಗ ಕ್ರೈಸ್ತರ ಸಂಖ್ಯೆ ಲಕ್ಷ ದಾಟಿತ್ತು. ಅಜರಯ್ಯ ಗಾಂಧಿಯವರ ಮಾತನ್ನು ಒಪ್ಪಲಿಲ್ಲ. ಹಳ್ಳಿಯ ಮಾಲನಿಗೂ ಮಾದಿಗನಿಗೂ ತಾನೇ ಯೋಚಿಸಿ ತನ್ನ ದಾರಿ ಆರಿಸುವ ಶಕ್ತಿಯಿದೆ, ಅವನು ಗಂಜಿಗೆ ಮಾರಿಕೊಂಡ ಎನ್ನುವುದು ಅವನನ್ನು ಮನುಷ್ಯನೆಂದು ಕಾಣದ ಮಾತು ಎಂಬುದು ಅವರ ನಂಬಿಕೆ.

ಗಾಂಧಿಯವರ ಆತಂಕಕ್ಕೆ ಬುಡವಿಲ್ಲ ಎನ್ನಲಾಗದು. ಹಸಿದವನ ಮುಂದೆ ಅನ್ನವನ್ನೂ ಉಪದೇಶವನ್ನೂ ಒಟ್ಟಿಗೆ ಇಟ್ಟಾಗ ಎರಡನ್ನೂ ಬೇರೆ ಮಾಡುವುದು ಕೊಡುವವನಿಗೇ ಕಷ್ಟ. ಆದರೆ ಗಂಜಿಯ ಆಸೆಯಷ್ಟರಿಂದಲೇ ಎಲ್ಲವನ್ನೂ ವಿವರಿಸಲಾಗದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನವಿಲ್ಲ. ಮೀಸಲಾತಿ ಕಳೆದುಕೊಂಡರೂ ಎಷ್ಟೋ ಕುಟುಂಬಗಳು ತಲೆಮಾರುಗಳಿಂದ ಅದೇ ಸಭೆಯಲ್ಲಿವೆ, ಅದೇ ಮಡಕೆಗೆ ಅಕ್ಕಿ ಹಾಕುತ್ತಿವೆ.

ದೋರ್ನಕಲ್‌ನ ಎಪಿಫನಿ ಮಹಾದೇವಾಲಯ ವರ್ಷಗಟ್ಟಲೆ ನಿಧಾನವಾಗಿ ಮೇಲೆದ್ದು 1939ರ ಜನವರಿ 6ರಂದು ಪ್ರತಿಷ್ಠೆಗೊಂಡಿತು. ಮೆದಕ್‌ನಷ್ಟು ಎತ್ತರವಿಲ್ಲ. ಕಂಬಗಳು ದೇವಸ್ಥಾನದವು, ಗುಮ್ಮಟಗಳು ಮಸೀದಿಯವು ಎನ್ನಿಸುವ ಕಟ್ಟಡ. ಆರು ವರ್ಷಗಳ ನಂತರ, 1945ರ ಜನವರಿ 1ರಂದು, ಅಜರಯ್ಯ ಅದೇ ಊರಿನಲ್ಲಿ ತೀರಿಕೊಂಡರು. 1947ರಲ್ಲಿ ಅವರ ಆಂಗ್ಲಿಕನ್ ಸಭೆಯೂ ಪಾಸ್ನೆಟ್‌ರ ಮೆಥಡಿಸ್ಟ್ ಸಭೆಯೂ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. 1956ರಲ್ಲಿ ಸಂಸ್ಥಾನವೇ ಮೂರು ಪಾಲಾಯಿತು. ಬೀದರ್, ಗುಲ್ಬರ್ಗ, ರಾಯಚೂರು ಮೈಸೂರಿಗೆ ಬಂದವು. ಯಾದಗಿರಿಯ ಮಿಷನ್ ಆಸ್ಪತ್ರೆಗೆ ಮಾತ್ರ ಅಮೆರಿಕದ ಟೆನೆಸ್ಸೀ ಕಡೆಯ ಹೋಲ್‌ಸ್ಟನ್ ಎಂಬ ಹೆಸರು ಉಳಿದುಕೊಂಡಿತು. ದೂರದ ದಾನಿಗಳ ಗುರುತು ಅದು.

ಆ ದೂರದ ಹಣದ ದಾರಿ ಈಗ ಕಿರಿದಾಗಿದೆ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಕಾಯ್ದೆ ಮೊದಲು ಬಂದದ್ದು 1976ರಲ್ಲಿ, ಹೊಸ ರೂಪ ಪಡೆದದ್ದು 2010ರಲ್ಲಿ. 2017ರಲ್ಲಿ ಕಂಪ್ಯಾಶನ್ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಕ್ರೈಸ್ತ ಸಂಸ್ಥೆ ಹಣ ತರಲು ಅನುಮತಿ ಸಿಗದೆ ದೇಶದಲ್ಲಿ ತನ್ನ ಕೆಲಸ ನಿಲ್ಲಿಸಿತು. ಅದರ ನೆರವು ಪಡೆಯುತ್ತಿದ್ದ ಮಕ್ಕಳು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯೆಲ್ಲ ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ಹಂಚುವಂತಿಲ್ಲ. ದೊಡ್ಡ ಸಂಸ್ಥೆಯಿಂದ ಪಾಲು ಪಡೆದು ನಡೆಯುತ್ತಿದ್ದ ಹಳ್ಳಿಯ ಬಾಲಕಿಯರ ವಸತಿನಿಲಯ, ಅನಾಥಾಲಯ, ಸಣ್ಣ ಚಿಕಿತ್ಸಾಲಯಗಳಿಗೆ ಕೊನೆಯ ನಿಯಮದ ಪೆಟ್ಟು ಹೆಚ್ಚು. ಇದು ಕ್ರೈಸ್ತರಿಗೆ ಮಾತ್ರ ಬಿದ್ದ ಪೆಟ್ಟಲ್ಲ, ಎಲ್ಲ ಬಗೆಯ ಸೇವಾ ಸಂಸ್ಥೆಗಳಿಗೂ ತಟ್ಟಿದೆ.

ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಬೇರೆ. ಅದು ಎಬ್ಬಿಸಿರುವ ಪ್ರಶ್ನೆ ಮಾತ್ರ 1905ರಲ್ಲಿ ಸೆರಾಂಪುರದಲ್ಲಿ ಕೂತವರದೇ: ಇಲ್ಲಿನ ಕೆಲಸವನ್ನು ಇಲ್ಲಿನವರ ಹಣದಿಂದ ನಡೆಸಲು ಆದೀತೇ? ಅಜರಯ್ಯ ಆದೀತು ಎಂದರು. ಆದರೆ ಅವರಿಗೆ ಅದು ವಿದೇಶಿಯರನ್ನು ದೂರ ಇಡುವ ಮಾತಾಗಿರಲಿಲ್ಲ. ಇಂಗ್ಲೆಂಡಿನ ಹಣವನ್ನು ಅವರ ಸಭೆಯೂ ಪಡೆಯಿತು. ಆ ಹಣದ ಪಕ್ಕದಲ್ಲಿ ಹಳ್ಳಿಯ ಮಡಕೆಯೂ ಇರಲೇಬೇಕು ಎಂಬುದಷ್ಟೇ ಅವರ ಷರತ್ತು.

ಹಿಡಿ ಅಕ್ಕಿಯಿಂದ ಕುಷ್ಠರೋಗದ ಆಸ್ಪತ್ರೆ ಕಟ್ಟಲಾಗದು. ಅದಕ್ಕೆ ನರಸಾಗೌಡರಂಥವರು ಬೇಕು, ಸರ್ಕಾರದ ಅನುದಾನ ಬೇಕು, ಡಬ್ಲಿನ್‌ನ 30 ಪೌಂಡೂ ಬೇಕು. ಹಿಡಿ ಅಕ್ಕಿಯಿಂದ ಆಗುವ ಕೆಲಸ ಇನ್ನೊಂದಿದೆ. ಉಪಾಧ್ಯಾಯನ ಸಂಬಳದಲ್ಲಿ ತನ್ನ ಮನೆಯ ಅಕ್ಕಿಯೂ ಸೇರಿದ್ದರೆ, ಶಾಲೆ ಯಾಕೆ ಮುಚ್ಚಿತು ಎಂದು ವೆಟ್ಟಿಯವನ ಹೆಂಡತಿ ಎದ್ದು ನಿಂತು ಕೇಳಬಹುದು.